ಹಳ್ಳದ ಮೇಲಿನವರು, ಕೆಳಗಿನವರು: ಬೆಳೆಯುತ್ತಿರುವ ಊರಿನಲ್ಲಿ ಮರ, ಕಾಡು ಒಟ್ಟಾಗಿ ಉಳಿಸಿಕೊಳ್ಳುವ ದಾರಿ

ಜೋರು ಮಳೆ ಬಂದ ದಿನ ಹತ್ತಿರದ ಹಳ್ಳದ ಕಡೆ ಹೋಗಿ. ದಡದಿಂದ ದೂರ, ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ. ಮೇಲ್ಗಡೆ ಕಾಡೋ ತೋಪೋ ಇನ್ನೂ ಉಳಿದಿದ್ದರೆ ನೀರು ನಿಧಾನವಾಗಿ ಏರುತ್ತದೆ. ಮಳೆ ನಿಂತ ಮೇಲೂ ಹರಿಯುತ್ತಲೇ ಇರುತ್ತದೆ. ಮೇಲ್ಗಡೆಯೆಲ್ಲ ಮನೆ, ರಸ್ತೆ, ಪಾರ್ಕಿಂಗ್ ಆಗಿದ್ದರೆ ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಕದಡಿದ ನೀರು ನುಗ್ಗಿ ಬರುತ್ತದೆ, ದಡ ಕೊರೆಯುತ್ತದೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಹಳ್ಳ ಒಣಗಿರುತ್ತದೆ.

ಈ ಎರಡು ಹಳ್ಳಗಳ ವ್ಯತ್ಯಾಸ ಇರುವುದು ನೀವು ನಿಂತ ಜಾಗದಲ್ಲಿ ಅಲ್ಲ, ಮೇಲೆ. ಬಿದ್ದ ಮಳೆ ಕೊನೆಗೆ ಒಂದೇ ಹಳ್ಳಕ್ಕೋ ಕೆರೆಗೋ ಬಂದು ಸೇರುವ ಇಡೀ ನೆಲವನ್ನು ಅದರ ಜಲಾನಯನ ಅನ್ನುತ್ತೇವೆ. ಊರು ಬೆಳೆಯುವಾಗ ಈ ನೆಲ ನೂರಾರು ಜನರ ಕೈಗೆ ತುಂಡು ತುಂಡಾಗಿ ಹೋಗುತ್ತದೆ. ಆದರೆ ನೀರಿಗೆ ಆ ತುಂಡುಗಳ ಗಡಿ ಗೊತ್ತಿಲ್ಲ. ಹಾಗಾಗಿ ಒಬ್ಬರ ಅಂಗಳದ ಮರ ಉಳಿಸುವುದು ಒಳ್ಳೆಯದೇ ಆದರೂ ಅಷ್ಟರಿಂದ ಹಳ್ಳ ಉಳಿಯುವುದಿಲ್ಲ. ಮೇಲಿನವರೂ ಕೆಳಗಿನವರೂ ಒಂದೇ ನಕ್ಷೆ ಮುಂದಿಟ್ಟುಕೊಂಡು ಕೂರಬೇಕು. ಅದನ್ನು ಹೇಗೆ ಮಾಡುವುದು ಅನ್ನುವುದೇ ಈ ಲೇಖನ.

ಮರ ಏನು ಮಾಡುತ್ತದೆ ಅನ್ನುವುದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಸಭೆಗಳಲ್ಲಿ ಇದೇ ಪ್ರಶ್ನೆ ಬರುತ್ತದೆ. ಎಲೆಗಳು ಮಳೆಯ ಒಂದಷ್ಟು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಹನಿಯ ಹೊಡೆತ ನೆಲಕ್ಕೆ ತಾಗದಂತೆ ತಡೆಯುತ್ತವೆ. ಕೆಳಗಿನ ತರಗೆಲೆ ಸ್ಪಂಜಿನ ಹಾಗೆ ಕೆಲಸ ಮಾಡುತ್ತದೆ. ಬೇರುಗಳೂ ಎರೆಹುಳುಗಳೂ ಮಾಡಿದ ಸಣ್ಣ ಸಣ್ಣ ದಾರಿಗಳಲ್ಲಿ ನೀರು ಒಳಗೆ ಇಳಿಯುತ್ತದೆ. ಕಾಂಕ್ರೀಟಿನಲ್ಲಿ ಇದ್ಯಾವುದೂ ಇಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಬಿದ್ದರೆ 2,000 ಲೀಟರ್. ಅಂಥ ಸಾವಿರ ಚಾವಣಿಗಳಿಂದ 20 ಲಕ್ಷ ಲೀಟರ್, ಅದೂ ಒಟ್ಟಿಗೇ ಹಳ್ಳಕ್ಕೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ವಿಜ್ಞಾನಿಗಳು ಇದನ್ನು ನೇರವಾಗಿ ಪರೀಕ್ಷಿಸಿ ನೋಡಿದ್ದಾರೆ. 1965ರ ಕೊನೆಯಲ್ಲಿ ಸುಮಾರು 15 ಹೆಕ್ಟೇರಿನ ಒಂದು ಪುಟ್ಟ ಜಲಾನಯನದ ಮರಗಳನ್ನೆಲ್ಲ ಕಡಿದು, ಅಲ್ಲೇ ಬಿಟ್ಟು, ಮತ್ತೆ ಚಿಗುರದಂತೆ ತಡೆದರು. ತೊರೆಯಲ್ಲಿ ಹರಿದು ಹೋಗುವ ನೀರು ಜಾಸ್ತಿಯಾಯಿತು. ಅದಕ್ಕಿಂತ ಮುಖ್ಯವಾಗಿ, ಮಣ್ಣಿನಲ್ಲಿ ಉಳಿಯಬೇಕಿದ್ದ ಪೋಷಕಾಂಶ ನೈಟ್ರೇಟ್ ರೂಪದಲ್ಲಿ ತೊಳೆದುಕೊಂಡು ಹೋಯಿತು. ಪಕ್ಕದ, ಕಡಿಯದ ಜಲಾನಯನದಲ್ಲಿ ಹಾಗಾಗಲಿಲ್ಲ. ಮರ ಹೋದರೆ ಮಣ್ಣಿನ ಸಾರವೂ ಹೋಗುತ್ತದೆ ಅನ್ನುವುದು ಅಲ್ಲಿ ಲೆಕ್ಕಸಮೇತ ಸಿಕ್ಕಿತು.

ಮೊದಲು ಗಡಿ ಹುಡುಕಿ

ಶುರುವಿಗೆ ದೊಡ್ಡ ನದಿಯನ್ನು ತೆಗೆದುಕೊಳ್ಳಬೇಡಿ. ಒಂದೇ ದಿನದಲ್ಲಿ ನಡೆದು ಮುಗಿಸಬಹುದಾದ ಒಂದು ಹಳ್ಳ ಸಾಕು. ಎತ್ತರದ ರೇಖೆಗಳಿರುವ ನಕ್ಷೆಯಲ್ಲಿ ಹಳ್ಳದ ಕೊನೆಯ ಬಿಂದು ಗುರುತಿಸಿ. ಅಲ್ಲಿಂದ ಎರಡೂ ಕಡೆ ದಿಣ್ಣೆಯ ನೆತ್ತಿ ಹಿಡಿದು ಮೇಲಕ್ಕೆ ಗೆರೆ ಎಳೆಯುತ್ತಾ ಹೋಗಿ. ಈ ಕಡೆ ಬಿದ್ದ ಹನಿ ನಮ್ಮ ಹಳ್ಳಕ್ಕೆ, ಆ ಕಡೆ ಬಿದ್ದದ್ದು ಬೇರೆ ಹಳ್ಳಕ್ಕೆ ಅನ್ನುವ ಸಾಲು ಅದು. ಎರಡು ಗೆರೆಗಳೂ ಮೇಲೆ ಸೇರಿದಾಗ ಜಲಾನಯನ ಮುಚ್ಚಿಕೊಳ್ಳುತ್ತದೆ.

ಬೆಳೆಯುವ ಊರಿನಲ್ಲಿ ಇಷ್ಟೇ ಸಾಲದು. ಚರಂಡಿ ಮತ್ತು ಪೈಪುಗಳು ನೀರನ್ನು ದಿಣ್ಣೆ ದಾಟಿಸಿ ಬೇರೆ ಕಡೆ ಒಯ್ಯುತ್ತವೆ. ಹಾಗಾಗಿ ಮಳೆಯಲ್ಲೊಮ್ಮೆ ನಡೆದೇ ನೋಡಬೇಕು. ಯಾವ ಮೋರಿ ಎಲ್ಲಿ ಬಾಯಿ ಬಿಡುತ್ತದೆ ಅನ್ನುವುದನ್ನು ನಕ್ಷೆಯ ಮೇಲೆ ಬರೆದುಕೊಳ್ಳಿ. ಆ ಜಾಗದಲ್ಲಿ ಹಳೆಯ ಕಾಲದಿಂದ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿ ಒರತೆ ಇತ್ತು, ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅದು ಯಾವ ಉಪಗ್ರಹ ಚಿತ್ರದಲ್ಲೂ ಸಿಗುವುದಿಲ್ಲ.

ಇರುವ ಮರಗಳ ಲೆಕ್ಕ

ಪ್ರತಿ ಮರವನ್ನೂ ಎಣಿಸುತ್ತೇವೆ ಅಂತ ಹೊರಟ ಗುಂಪುಗಳು ಬಹಳ ಸಲ ಅರ್ಧದಲ್ಲೇ ನಿಲ್ಲುತ್ತವೆ. ಅದಕ್ಕಿಂತ ಸುಲಭದ ದಾರಿ ಇದೆ. ಉಪಗ್ರಹ ಚಿತ್ರದ ಮೇಲೆ, ನಿಮ್ಮ ಜಲಾನಯನದ ಗಡಿಯೊಳಗೆ, ಕಣ್ಣುಮುಚ್ಚಿ ಚೆಲ್ಲಿದ ಹಾಗೆ 200 ಚುಕ್ಕಿ ಹಾಕಿ. ಒಂದೊಂದು ಚುಕ್ಕಿಯ ಕೆಳಗೂ ಏನಿದೆ ನೋಡಿ: ಮರ, ಹುಲ್ಲು, ಬರಿ ಮಣ್ಣು, ಚಾವಣಿ, ರಸ್ತೆ, ನೀರು. ಮರದ ಮೇಲೆ 60 ಚುಕ್ಕಿ ಬಿದ್ದಿದ್ದರೆ ಮರದ ಹಂದರ, ಅಂದರೆ ಎಲೆ ಕೊಂಬೆ ಹರಡಿ ಮುಚ್ಚಿದ ಜಾಗ, ಸುಮಾರು ಶೇ 30 ಅಂತ ಅರ್ಥ, ಹೆಚ್ಚುಕಡಿಮೆ ಮೂರು ಅಂಶ ಆಚೀಚೆ. ಅಮೆರಿಕದ ಅರಣ್ಯ ಸೇವೆಯವರು ಬೇರೆ ಸಂಸ್ಥೆಗಳ ಜೊತೆ ಸೇರಿ ಮಾಡಿರುವ ಐ-ಟ್ರೀ ಕ್ಯಾನೋಪಿ ಎಂಬ ಉಚಿತ ಸಾಧನ ಈ ಚುಕ್ಕಿಗಳನ್ನು ತಾನೇ ಹಾಕಿಕೊಡುತ್ತದೆ. ಒಂದು ಮಧ್ಯಾಹ್ನದ ಕೆಲಸ.

ಅದೇ ಚುಕ್ಕಿಗಳಿಂದ ಇನ್ನೊಂದು ಅಂಕಿಯೂ ಸಿಗುತ್ತದೆ: ಎಷ್ಟು ನೆಲ ನೀರು ಇಳಿಯದ ಹಾಗೆ ಮುಚ್ಚಿಹೋಗಿದೆ ಅನ್ನುವುದು. 1994ರಲ್ಲಿ ಟಾಮ್ ಶ್ಯೂಲರ್ ಎಂಬ ಅಮೆರಿಕದ ತಜ್ಞರು ಅಲ್ಲಿವರೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಜಲಾನಯನದ ಶೇ 10ರಷ್ಟು ನೆಲ ಮುಚ್ಚಿಹೋಗುವ ಹೊತ್ತಿಗೇ ತೊರೆ ಕೆಡುವ ಲಕ್ಷಣ ಕಾಣತೊಡಗುತ್ತದೆ, ಶೇ 25 ದಾಟಿದರೆ ಪರಿಸ್ಥಿತಿ ತೀರಾ ಹದಗೆಡುತ್ತದೆ ಅಂತ ತೋರಿಸಿದರು. ಇದು ಗೀಟು ಎಳೆದಂಥ ಗಡಿ ಅಲ್ಲ. ಆದರೆ ಶೇ 8ರಲ್ಲಿರುವ ಹಳ್ಳಕ್ಕೂ ಶೇ 40ರಲ್ಲಿರುವ ಹಳ್ಳಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಮೊದಲನೆಯದರಲ್ಲಿ ಇರುವ ಕಾಡನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಎರಡನೆಯದರಲ್ಲಿ ನೀರನ್ನು ಅಲ್ಲಲ್ಲಿ ನಿಲ್ಲಿಸಿ ಇಂಗಿಸುವುದಕ್ಕೂ ಅಷ್ಟೇ ಗಮನ ಕೊಡಬೇಕಾಗುತ್ತದೆ.

ಇದಾದ ಮೇಲೆ ದೊಡ್ಡ ಮರಗಳನ್ನು ಮಾತ್ರ ನಡೆದು ಅಳೆಯಿರಿ. ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಜಾತಿ, ಜಾಗ, ಒಂದು ಫೋಟೊ. ನಕ್ಷೆಯಲ್ಲಿ ನಾಲ್ಕು ಬಗೆಯ ಜಾಗಗಳಿಗೆ ದಪ್ಪ ಬಣ್ಣ ಹಚ್ಚಿ: ಹಳ್ಳ ಹುಟ್ಟುವ ತಲೆಭಾಗ, ಕಡಿದಾದ ಇಳಿಜಾರು, ಹಳ್ಳದ ಎರಡೂ ಅಂಚು, ಎರಡು ಕಾಡಿನ ತುಂಡುಗಳನ್ನು ಕೂಡಿಸುವ ಮರದ ಸಾಲು. ಕೈಯಲ್ಲಿರುವ ಸಮಯ, ಹಣ ಕಡಿಮೆಯಿದ್ದರೆ ಇವಕ್ಕೇ ಮೀಸಲಿಡಿ. ಅದರಲ್ಲೂ ತಲೆಭಾಗದ ಸಣ್ಣ ತೊರೆಗಳನ್ನು ಮರೆಯಬೇಡಿ. ಮಳೆಗಾಲದಲ್ಲಿ ಮಾತ್ರ ಹರಿಯುವ ಅವುಗಳನ್ನು ತಗ್ಗು ಅಂದುಕೊಂಡು ಮಣ್ಣು ತುಂಬಿಬಿಡುತ್ತಾರೆ.

ಕಾಡಿನ ತುಂಡುಗಳ ಒಳಗೆ ಹೋದಾಗ ದೊಡ್ಡ ಮರದ ಕೆಳಗೆ ಬಗ್ಗಿ ನೋಡಿ. ಅದರದ್ದೇ ಮರಿಗಳಿವೆಯಾ? ಬೆರಳುದ್ದದ ಮೊಳಕೆ, ಮೊಣಕಾಲೆತ್ತರದ ಸಸಿ, ಆಳೆತ್ತರದ ಗಿಡ, ಮೂರೂ ಕಂಡರೆ ಆ ಕಾಡಿಗೆ ಮುಂದೂ ಬದುಕಿದೆ. ಮೇಲೆ ಹಸಿರು ಕೊಡೆ, ಕೆಳಗೆ ಗುಡಿಸಿಟ್ಟ ಹಾಗೆ ಬರಿ ನೆಲ ಇದ್ದರೆ ಈಗಿನ ಮರಗಳು ಹೋದ ಮೇಲೆ ಅಲ್ಲಿ ಏನೂ ಇರುವುದಿಲ್ಲ. ತರಗೆಲೆ ಗುಡಿಸುವುದು, ಬೆಂಕಿ ಹಾಕುವುದು, ಎಲ್ಲೆಂದರಲ್ಲಿ ಓಡಾಡುವುದು, ಹೊರಗಿನಿಂದ ಬಂದು ಹಬ್ಬುವ ಬಳ್ಳಿ, ಇವೇ ಕಾರಣ ಇರಬಹುದು. ಓಡಾಟಕ್ಕೆ ಒಂದೇ ಕಾಲುದಾರಿ ಗೊತ್ತುಮಾಡಿ ಉಳಿದದ್ದನ್ನು ಮುಚ್ಚಿದರೂ ಎಷ್ಟೋ ಮೊಳಕೆಗಳು ಬದುಕುತ್ತವೆ.

ಯಾರನ್ನು ಕರೆಯಬೇಕು, ಏನು ಮಾತಾಡಬೇಕು

ನನ್ನ ಅನುಭವದಲ್ಲಿ ಕೆಲಸ ಕೆಡುವುದೂ ಕೂಡುವುದೂ ಇಲ್ಲೇ. ಮರದ ಬಗ್ಗೆ ಪ್ರೀತಿ ಇರುವವರನ್ನಷ್ಟೇ ಕರೆದರೆ ಸಭೆ ಹಿತವಾಗಿರುತ್ತದೆ, ಮರ ಉಳಿಯುವುದಿಲ್ಲ. ಮೇಲ್ಭಾಗದ ಜಮೀನಿನವರು ಬರಬೇಕು. ಮನೆ ಕಟ್ಟಿಸುವವರು, ಲೇಔಟ್ ಮಾಡುವವರು ಬರಬೇಕು. ಪೈಪು, ಕೇಬಲ್ಲಿಗೆ ನೆಲ ಅಗೆಯುವವರು, ಕರೆಂಟಿನ ತಂತಿಗೆ ತಾಗುವ ಕೊಂಬೆ ಕಡಿಯುವವರು ಬರಬೇಕು. ಅಗೆಯುವವರನ್ನೂ ಕಡಿಯುವವರನ್ನೂ ಕರೆಯಲು ಸುಮಾರು ಎಲ್ಲರೂ ಮರೆಯುತ್ತಾರೆ, ಆದರೆ ದಿನಾ ಮರದ ಮೇಲೆ ಗರಗಸ ಇಡುವುದು ಅವರೇ ಅಲ್ವಾ? ಸೌದೆ ಆಯುವವರು, ದನ ಮೇಯಿಸುವವರು, ಅರಣ್ಯ ಇಲಾಖೆ, ನಗರಾಡಳಿತ, ಶಾಲೆಗಳು, ಕೊನೆಗೆ ಕೆಳಗಡೆ ಆ ನೀರನ್ನು ಕುಡಿಯುವವರು, ಪ್ರವಾಹಕ್ಕೆ ಸಿಗುವವರು.

ಮೊದಲ ಭೇಟಿ ಸಭಾಂಗಣದಲ್ಲಿ ಬೇಡ, ಹಳ್ಳದ ತಲೆಭಾಗದಲ್ಲಿ ಒಂದು ಮರದ ಕೆಳಗೆ ಇಡಿ. ದೊಡ್ಡದಾಗಿ ಮುದ್ರಿಸಿದ ನಕ್ಷೆ ಹಾಸಿ. ಪ್ರತಿಯೊಬ್ಬರೂ ತಮ್ಮ ಮನೆ ಅಥವಾ ಜಮೀನಿನ ಮೇಲೆ ಒಂದು ಚುಕ್ಕಿ ಇಟ್ಟು, ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತದೆ ಅಂತ ಬೆರಳಲ್ಲಿ ತೋರಿಸಲಿ. ಮೇಲಿನ ಚುಕ್ಕಿಯಿಂದ ಹೊರಟ ಬೆರಳು ಕೆಳಗಿನ ಚುಕ್ಕಿಯ ಪಕ್ಕದಲ್ಲೇ ಹಾದುಹೋಗುವುದನ್ನು ಎಲ್ಲರೂ ನೋಡುತ್ತಾರೆ. ಆಮೇಲೆ ವಿವರಣೆ ಜಾಸ್ತಿ ಬೇಕಾಗುವುದಿಲ್ಲ.

ದಯವಿಟ್ಟು "ಕಡಿಯಬೇಡಿ" ಅಂತ ಮಾತು ಶುರುಮಾಡಬೇಡಿ. ಜಮೀನಿನವರ ಕಷ್ಟ ಮೊದಲು ಕೇಳಿ. ಕೊಂಬೆ ಚಾವಣಿಯ ಮೇಲೆ ಬೀಳುವ ಭಯ, ಮೋರಿಗೆ ಕಟ್ಟಿಕೊಳ್ಳುವ ಎಲೆ, ಮರ ಬೆಳೆಸಿದರೆ ನಾಳೆ ನಮ್ಮ ಜಾಗಕ್ಕೇ ನಿಯಮ ಬಂದು ಕೂರುತ್ತದೆ ಅನ್ನುವ ಅಂಜಿಕೆ. ಕೊನೆಯದು ಬಹಳ ದೊಡ್ಡದು. ಹೊಸ ನಿಯಮ ಬರುತ್ತದೆ ಅನ್ನುವ ಸುದ್ದಿ ಹಬ್ಬಿದ ಕೂಡಲೇ, ಅದು ಬರುವ ಮೊದಲೇ ಮರ ಕಡಿದುಬಿಡುವವರಿದ್ದಾರೆ. ಮಾತುಕತೆ ಇಲ್ಲದ ನಿಯಮ ಕೆಲವೊಮ್ಮೆ ಮರಕ್ಕೇ ಕುತ್ತು ತರುತ್ತದೆ.

ನ್ಯೂಯಾರ್ಕ್ ನಗರ ಇದನ್ನು ಕಷ್ಟಪಟ್ಟು ಕಲಿಯಿತು. ಅದರ ಕುಡಿಯುವ ನೀರಿನ ಬಹುಪಾಲು ದೂರದ ಕ್ಯಾಟ್‌ಸ್ಕಿಲ್ ಗುಡ್ಡಗಳು ಮತ್ತು ಡೆಲವೇರ್ ನದಿಯ ಮೇಲ್ಭಾಗದಿಂದ ಬರುತ್ತದೆ. 1990ರ ಸುಮಾರಿಗೆ ನಗರ ಅಲ್ಲಿನ ಜಮೀನು ಬಳಕೆಗೆ ಬಿಗಿಯಾದ ನಿಯಮ ತರಲು ಹೊರಟಿತು. ಮೇಲಿನ ಊರುಗಳು ತಿರುಗಿಬಿದ್ದವು. ವರ್ಷಗಟ್ಟಲೆ ಜಗಳ, ಮಾತುಕತೆ ಆದ ಮೇಲೆ 1997ರಲ್ಲಿ ಒಪ್ಪಂದವಾಯಿತು. ಮಾರಲು ಮನಸ್ಸಿದ್ದವರಿಂದ ಮಾತ್ರ ಜಮೀನು ಕೊಳ್ಳುವುದು, ಮೇಲಿನ ಊರುಗಳ ಕೊಳಚೆ ನೀರಿನ ವ್ಯವಸ್ಥೆಗೆ ಹಣ ಕೊಡುವುದು, ರೈತರೇ ನಡೆಸುವ ಸಂಸ್ಥೆಯ ಮೂಲಕ ಹೊಲ ಮತ್ತು ಕಾಡಿನ ಕೆಲಸ ಮಾಡುವುದು, ಇವೆಲ್ಲ ಅದರಲ್ಲಿವೆ. ನೂರಾರು ಕೋಟಿ ಡಾಲರಿನ ಸೋಸುವ ಸ್ಥಾವರ ಕಟ್ಟದೆಯೇ ಆ ಗುಡ್ಡಗಳ ನೀರು ಇವತ್ತಿಗೂ ನಗರಕ್ಕೆ ಬರುತ್ತಿದೆ.

ಹಣವೇ ಎಲ್ಲ ಕಡೆ ಬೇಕು ಅಂತಲೂ ಇಲ್ಲ. ಜಪಾನಿನ ಕೆಸೆನ್ನುಮ ಕೊಲ್ಲಿಯಲ್ಲಿ ಸಿಂಪಿ ಸಾಕುತ್ತಿದ್ದ ಶಿಗೆಅತ್ಸು ಹಟಕೆಯಾಮ ಅವರು ಕೊಲ್ಲಿಯ ನೀರು ಕೆಟ್ಟದ್ದಕ್ಕೆ ಕಾರಣ ಹುಡುಕುತ್ತಾ ನದಿಯುದ್ದಕ್ಕೂ ಯೋಚನೆ ಹರಿಸಿದರು. 1989ರಲ್ಲಿ ಮೀನುಗಾರರನ್ನು ಕರೆದುಕೊಂಡು ನದಿ ಹುಟ್ಟುವ ಬೆಟ್ಟಕ್ಕೆ ಹೋಗಿ ಗಿಡ ನೆಟ್ಟರು. ಬೆಟ್ಟದ ಊರಿನ ಮಕ್ಕಳನ್ನು ಕಡಲಿಗೆ ಕರೆತಂದು ಸಿಂಪಿ ತೋರಿಸಿದರು. ವಿಶ್ವಸಂಸ್ಥೆ 2012ರಲ್ಲಿ ಅವರನ್ನು ಕಾಡಿನ ವೀರರಲ್ಲಿ ಒಬ್ಬರೆಂದು ಗೌರವಿಸಿತು. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಒಂದು ಸಂಗತಿ: ಕೆಳಗಿನವರು ಮೇಲಿನವರನ್ನು ದೂರಲಿಲ್ಲ, ಕೈಯಲ್ಲಿ ಸಸಿ ಹಿಡಿದು ಹೋದರು.

ಮಾತು ಹದಕ್ಕೆ ಬಂದ ಮೇಲೆ ಬರೆದಿಡಿ. ಒಂದೆರಡು ಪುಟ ಸಾಕು. ಗಡಿ ಯಾವುದು, ಯಾವ ತುಂಡು ಯಾರ ಕಾಳಜಿ, ಮರಕ್ಕೆ ಕೈ ಹಾಕುವ ಎಷ್ಟು ದಿನ ಮೊದಲು ಯಾರಿಗೆ ತಿಳಿಸಬೇಕು, ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕುವವರು ಯಾರು, ಖರ್ಚು ಹೇಗೆ ಹಂಚಿಕೊಳ್ಳುವುದು. ಮುಖ್ಯವಾಗಿ, ಮಾತು ತಪ್ಪಿದರೆ ಏನು ಅನ್ನುವುದು. ಎಲ್ಲರಿಗೂ ಸೇರಿದ ಕಾಡು, ನೀರು, ಮೀನು ಎಲ್ಲಿ ಉಳಿದಿವೆ, ಹೇಗೆ ಉಳಿದಿವೆ ಅಂತ ಜೀವನಪೂರ್ತಿ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಕಂಡುಕೊಂಡದ್ದು ಇದೇ: ಗಡಿ ಸ್ಪಷ್ಟವಿರಬೇಕು, ನಿಯಮ ಪಾಲಿಸಬೇಕಾದವರೇ ನಿಯಮ ಮಾಡಬೇಕು, ನೋಡಿಕೊಳ್ಳುವವರು ಅವರೊಳಗಿನವರೇ ಆಗಿರಬೇಕು, ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲ ತಪ್ಪಿಗೆ ಮನೆಗೆ ಹೋಗಿ ಮಾತಾಡಿ. ಎರಡನೆಯದಕ್ಕೆ ಬದಲಿ ಗಿಡ ಮತ್ತು ಅದರ ಆರೈಕೆ. ದೂರು, ಕೋರ್ಟು ಕೊನೆಗೆ ಇರಲಿ.

ಅಗೆತ ಶುರುವಾಗುವ ಮೊದಲು ಬೇರಿನ ಜಾಗಕ್ಕೆ ಬೇಲಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾವು ಒಂದು ದೊಡ್ಡ ಮರವನ್ನು ಉಳಿಸಿದೆವು ಅಂದುಕೊಂಡಿದ್ದೆವು. ಕಟ್ಟಡದವರು ಒಪ್ಪಿದ್ದರು, ಕಾಂಡಕ್ಕೆ ಗೋಣಿಚೀಲ ಸುತ್ತಿದ್ದರು, ಒಂದು ಕೊಂಬೆಯನ್ನೂ ಮುಟ್ಟಲಿಲ್ಲ. ಆದರೆ ಪಾಯದಿಂದ ತೆಗೆದ ಮಣ್ಣನ್ನು ಆ ಮರದ ಸುತ್ತಲೇ ರಾಶಿ ಹಾಕಿದರು, ಆಮೇಲೆ ಅದನ್ನೇ ಸಮತಟ್ಟು ಮಾಡಿ ಕಲ್ಲು ಹಾಸಿದರು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ನೆತ್ತಿಯ ಎಲೆ ಸಣ್ಣದಾಯಿತು. ನಾಲ್ಕನೇ ವರ್ಷಕ್ಕೆ ಮರ ಒಣಗಿ ನಿಂತಿತ್ತು. ಆಗ ಯಾರಿಗೂ ಮಣ್ಣಿನ ರಾಶಿಯ ನೆನಪೇ ಇರಲಿಲ್ಲ, ರೋಗ ಬಂದಿರಬೇಕು ಅಂದರು.

ಬೇರು ಮರದಷ್ಟೇ ಆಳಕ್ಕೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬಹುಪಾಲು ಬೇರುಗಳಿರುವುದು ಮೇಲಿನ ಅರ್ಧ, ಮುಕ್ಕಾಲು ಮೀಟರ್ ಮಣ್ಣಿನಲ್ಲಿ. ಅಗಲಕ್ಕೆ ಮಾತ್ರ ಹಂದರದ ಅಂಚನ್ನೂ ದಾಟಿ ಹೋಗುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮೇಲೆ ಮಣ್ಣು ಹಾಕಿದರೆ ಉಸಿರು ಕಟ್ಟುತ್ತದೆ. ಜೆಸಿಬಿ, ಲಾರಿ ಓಡಾಡಿದರೆ ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ, ಅದರಲ್ಲೂ ಒದ್ದೆ ಮಣ್ಣಿನ ಮೇಲೆ ಮೊದಲ ಕೆಲವು ಓಡಾಟಗಳಲ್ಲೇ ಹೆಚ್ಚಿನ ಹಾನಿ ಆಗಿಬಿಡುತ್ತದೆ.

ಎಷ್ಟು ಜಾಗ ಬಿಡಬೇಕು? ಕಾಂಡದ ದಪ್ಪದ 12 ಪಟ್ಟು ದೂರದವರೆಗೆ ಸುತ್ತಲೂ ಬಿಡುವುದು ಹಲವು ದೇಶಗಳಲ್ಲಿ ಪಾಲಿಸುವ ಅಳತೆ. ಇದಕ್ಕೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಒಂದು ಹಗ್ಗ ತೆಗೆದುಕೊಂಡು ಎದೆಮಟ್ಟದಲ್ಲಿ ಕಾಂಡಕ್ಕೆ ಒಂದು ಸುತ್ತು ಹಾಕಿ, ಆ ಉದ್ದಕ್ಕೆ ಗಂಟು ಕಟ್ಟಿ. ಅಂಥ ನಾಲ್ಕು ಉದ್ದವನ್ನು ಕಾಂಡದಿಂದ ನೇರ ಹೊರಗೆ ಹಾಸಿ. ಹಗ್ಗದ ತುದಿ ಎಲ್ಲಿ ಬಂತೋ ಅಲ್ಲೇ ಬೇಲಿ. ಸುತ್ತಳತೆ ಒಂದೂವರೆ ಮೀಟರ್ ಇದ್ದರೆ ಆರು ಮೀಟರ್ ದೂರ. ಎಂಜಿನಿಯರ್, ಮೇಸ್ತ್ರಿ, ಜಾಗದ ಮಾಲೀಕರು ಮೂವರನ್ನೂ ನಿಲ್ಲಿಸಿಕೊಂಡು ಇದನ್ನು ಮಾಡಿ. ಹಗ್ಗದ ತುದಿ ಅಷ್ಟು ದೂರ ಹೋದಾಗ ಅವರ ಮುಖದಲ್ಲಿ ಅಚ್ಚರಿ ಕಾಣುತ್ತದೆ, ಮಾತು ಅಲ್ಲಿಂದಲೇ ಸುಲಭವಾಗುತ್ತದೆ.

ಬೇಲಿ ಗಟ್ಟಿಯಾಗಿರಲಿ, ಮೊದಲ ಯಂತ್ರ ಬರುವ ಮುಂಚೆಯೇ ನಿಂತಿರಲಿ, ಕೊನೆಯ ಯಂತ್ರ ಹೋದ ಮೇಲೆ ತೆಗೆಯಿರಿ. ಒಳಗೆ ಸಿಮೆಂಟು ಕಲಸುವುದು, ಮಣ್ಣು ಸುರಿಯುವುದು, ಬಣ್ಣದ ಡಬ್ಬಿ ತೊಳೆಯುವುದು, ಗಾಡಿ ನಿಲ್ಲಿಸುವುದು ಯಾವುದೂ ಬೇಡ. ಪೈಪು ಹಾಯಲೇಬೇಕಾದರೆ ಚರಂಡಿ ತೋಡುವ ಬದಲು ಬೇರಿನ ಕೆಳಗಿಂದ ಕೊರೆದು ದಾಟಿಸಬಹುದು. ಕಾಂಪೌಂಡ್ ಬೇಕೇ ಬೇಕು ಅಂದರೆ ಉದ್ದಕ್ಕೂ ಪಾಯ ತೋಡದೆ ದೂರ ದೂರಕ್ಕೆ ಕಂಬ ನಿಲ್ಲಿಸಿ ಕಟ್ಟಬಹುದು.

ಇನ್ನೂ ಮುಂಚೆ, ಅಂದರೆ ಲೇಔಟಿನ ನಕ್ಷೆ ಕಾಗದದ ಮೇಲಿರುವಾಗಲೇ ಕೈ ಹಾಕಿದರೆ ಅತಿ ಹೆಚ್ಚು ಮರ ಉಳಿಯುತ್ತದೆ. ರಸ್ತೆಯನ್ನು ಸ್ವಲ್ಪ ಬಾಗಿಸುವುದು, ಮನೆಗಳನ್ನು ಒಂದು ಕಡೆ ಒತ್ತಾಗಿ ಇಟ್ಟು ಕಾಡಿನ ತುಂಡನ್ನು ಎಲ್ಲರ ತೆರೆದ ಜಾಗವಾಗಿ ಬಿಡುವುದು, ಇವು ಪೆನ್ಸಿಲ್ಲಿನಲ್ಲಿ ಸುಲಭ. ಪಾಯ ಬಿದ್ದ ಮೇಲೆ ಅಸಾಧ್ಯ. ಹಾಗಾಗಿ ಹೊಸ ಅರ್ಜಿಗಳು ಬಂದ ಕೂಡಲೇ ಗೊತ್ತಾಗುವ ವ್ಯವಸ್ಥೆ ಮಾಡಿಕೊಳ್ಳಿ. ನಗರಾಡಳಿತದ ನೋಟಿಸ್ ನೋಡುವುದನ್ನೇ ಗುಂಪಿನ ಒಬ್ಬರ ಕೆಲಸವಾಗಿ ಇಡಿ.

ಹಳ್ಳದ ಅಂಚು

ದಡದ ಮರದ ಬೇರು ಮಣ್ಣನ್ನು ಹಿಡಿಯುತ್ತದೆ. ನೆರಳು ನೀರನ್ನು ತಂಪಾಗಿಡುತ್ತದೆ. ಉದುರಿದ ಎಲೆ ನೀರಿನ ಹುಳುಗಳಿಗೆ ಊಟ, ಆ ಹುಳುಗಳು ಮೀನಿಗೆ. ಎರಡೂ ಕಡೆ 30 ಮೀಟರ್ ಅಗಲದ ಕಾಡು ಇದ್ದರೆ ತೊರೆ ಬಹುಮಟ್ಟಿಗೆ ಚೆನ್ನಾಗಿರುತ್ತದೆ ಅನ್ನುತ್ತವೆ ಅಧ್ಯಯನಗಳು. ಊರಿನೊಳಗೆ ಅಷ್ಟು ಜಾಗ ಎಲ್ಲ ಕಡೆ ಸಿಗುವುದಿಲ್ಲ. ಹತ್ತು ಮೀಟರ್ ಸಿಕ್ಕರೂ ಬಿಡಬೇಡಿ.

ಇಲ್ಲಿ ಸುಮ್ನೆ ಕಣ್ತಪ್ಪಿಹೋಗುವ ಒಂದು ಸಂಗತಿ ಇದೆ. ಅಂಚಿನ ಕಾಡು ಎಷ್ಟೇ ದಟ್ಟವಾಗಿರಲಿ, ಮೋರಿಯ ಪೈಪು ಅದನ್ನು ಸೀಳಿಕೊಂಡು ನೇರ ಹಳ್ಳಕ್ಕೆ ಬಂದರೆ ಆ ನೀರು ಬೇರನ್ನು ಮುಟ್ಟುವುದೇ ಇಲ್ಲ. ರಸ್ತೆಯ ಎಣ್ಣೆ, ಕಸ, ರಭಸ ಎಲ್ಲ ಸೀದಾ ಒಳಗೆ. ನಕ್ಷೆಯಲ್ಲಿ ಗುರುತಿಸಿದ ಪೈಪಿನ ಬಾಯಿಗಳು ಈಗ ಉಪಯೋಗಕ್ಕೆ ಬರುತ್ತವೆ. ಆ ಬಾಯಿಯನ್ನು ಹಳ್ಳದಿಂದ ಹಿಂದಕ್ಕೆ ಸರಿಸಿ, ಗಿಡ ಹುಲ್ಲು ತುಂಬಿದ ಅಗಲವಾದ ತಗ್ಗಿಗೆ ಬಿಡಬೇಕು. ನೀರು ಅಲ್ಲಿ ಹರಡಿ, ನಿಂತು, ಇಂಗಿ ಮುಂದೆ ಹೋಗುತ್ತದೆ. ಇದು ಎಂಜಿನಿಯರುಗಳ ಕೆಲಸ, ಅದಕ್ಕೇ ಅವರು ಮೊದಲ ದಿನದಿಂದ ಗುಂಪಿನಲ್ಲಿರಬೇಕು.

ಬಿದ್ದ ಮರ, ಒಣ ಕೊಂಬೆಯನ್ನೆಲ್ಲ ಹಳ್ಳದಿಂದ ಎತ್ತಿ ಶುಚಿ ಮಾಡಬೇಕಾಗಿಲ್ಲ. ಸೇತುವೆಯ ಬಾಯಿಗೆ ಅಡ್ಡ ಬರುವುದನ್ನಷ್ಟೇ ತೆಗೆಯಿರಿ. ಉಳಿದದ್ದು ನೀರಿನ ವೇಗ ತಗ್ಗಿಸುತ್ತದೆ.

ನೆಡುವಾಗ

ನೆಡುವ ಕೆಲಸವನ್ನು ಬೇಕೆಂದೇ ಇಷ್ಟು ಕೆಳಗೆ ಇಟ್ಟಿದ್ದೇನೆ. ಇರುವ ಮರ ಉಳಿಸಿದ ಮೇಲೆ ಇದರ ಸರದಿ. ಎಲ್ಲ ಕಡೆ ನೆಡುವುದೂ ಸರಿಯಲ್ಲ. ಮೂಲದಿಂದಲೇ ಹುಲ್ಲುಗಾವಲಾಗಿರುವ ಜಾಗ ಹುಲ್ಲುಗಾವಲಾಗಿಯೇ ಇರಲಿ. ದಕ್ಷಿಣ ಆಫ್ರಿಕಾದಲ್ಲಿ 1995ರಿಂದ ಸರ್ಕಾರವೇ ಜಲಾನಯನಗಳಲ್ಲಿ ಹಬ್ಬಿರುವ ಹೊರದೇಶದ ಮರಗಳನ್ನು ತೆಗೆಸುತ್ತಿದೆ, ಏಕೆಂದರೆ ಅವು ಅಲ್ಲಿನ ಪೊದೆಗಾಡಿಗಿಂತ ಜಾಸ್ತಿ ನೀರು ಹೀರುತ್ತವೆ. ಆ ನೆಲದಲ್ಲಿ ಮೊದಲಿಂದ ಏನು ಬೆಳೆಯುತ್ತಿತ್ತು ಅನ್ನುವುದೇ ನಿಮಗೆ ದಾರಿ ತೋರಿಸಲಿ.

ಒಂದೇ ಜಾತಿ ತುಂಬಬೇಡಿ. ಒಂದು ರೋಗ ಬಂದರೆ ಸಾಲು ಸಾಲೇ ಹೋಗುತ್ತದೆ. ಅಮೆರಿಕದ ಬೀದಿಗಳಲ್ಲಿ ಎಲ್ಮ್ ಮರಗಳಿಗೆ ಆದದ್ದು ಅದೇ. ಆ ಅನುಭವದ ನಂತರ ಫ್ರಾಂಕ್ ಸಾಂಟಮೋರ್ ಎಂಬ ಅಮೆರಿಕದ ಮರಗಳ ತಜ್ಞರು 1990ರಲ್ಲಿ ಒಂದು ಸೂತ್ರ ಕೊಟ್ಟರು: ಒಟ್ಟು ಮರಗಳಲ್ಲಿ ಒಂದೇ ಜಾತಿ ಶೇ 10, ಒಂದೇ ಕುಲ (ಹತ್ತಿರದ ಜಾತಿಗಳ ಗುಂಪು) ಶೇ 20, ಒಂದೇ ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ 30 ದಾಟಬಾರದು.

ಸಸಿಯನ್ನು ಚೀಲದಿಂದ ಬಿಡಿಸಿ ಬೇರು ನೋಡಿ. ಸಿಂಬೆಯ ಹಾಗೆ ಸುತ್ತಿಕೊಂಡಿದ್ದರೆ ಅದನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಹಾಗೇ ನೆಟ್ಟರೆ ಅದೇ ಬೇರು ಮುಂದೆ ದಪ್ಪವಾಗಿ ತನ್ನ ಬುಡವನ್ನೇ ಹಿಚುಕುತ್ತದೆ. ಗುಂಡಿ ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ ಅಗಲವಾಗಿ ಬೇರಾಗುವ ಬುಡ ನೆಲದ ಮೇಲೆ ಕಾಣಬೇಕು. ಸುತ್ತ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಊರುಗೋಲು ಕಟ್ಟಿದ್ದರೆ ಒಂದು ವರ್ಷದೊಳಗೆ ಬಿಚ್ಚಿ. ಎರಡು ಮೂರು ಬೇಸಿಗೆ ನೀರು ಹಾಕುವವರು ಯಾರು ಅಂತ ಹೆಸರು ಬರೆದ ಮೇಲೆಯೇ ಗುಂಡಿ ತೋಡಿ. ಹೆಸರಿಲ್ಲದಿದ್ದರೆ ಆ ಗಿಡ ಬೇಡ, ಐವತ್ತರ ಬದಲು ಹದಿನೈದು ನೆಡಿ.

ಕೊಂಬೆ ಕಡಿಯುವವರಿಗೆ ಎರಡು ಮಾತು: ನೆತ್ತಿ ಬೋಳಿಸಬೇಡಿ. ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರ ಕಾಣುತ್ತದೆ, ಅದನ್ನು ಉಳಿಸಿ ಅದರ ಹೊರಗಿನಿಂದ ಕತ್ತರಿಸಿ, ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಬಣ್ಣ, ಟಾರು ಬಳಿಯುವುದು ಬೇಡ.

ಲೆಕ್ಕ ಇಡುವುದು

ಗುರಿ ಏನಿರಬೇಕು ಅಂತ ಕೇಳುತ್ತಾರೆ. ಸೆಸಿಲ್ ಕೊನೈನೆನ್‌ಡೈಕ್ ಎಂಬ ನಗರ ಅರಣ್ಯ ತಜ್ಞರು ಹೇಳಿದ 3-30-300 ನೆನಪಿಡಲು ಸುಲಭ: ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಗೆ ಶೇ 30 ಹಂದರ ಇರಬೇಕು, 300 ಮೀಟರಿನೊಳಗೆ ಒಂದು ಹಸಿರು ಜಾಗ ಸಿಗಬೇಕು. ಮೆಲ್ಬರ್ನ್ ನಗರ 2012ರಲ್ಲಿ ತನ್ನ ಸಾರ್ವಜನಿಕ ಜಾಗಗಳ ಹಂದರವನ್ನು ಶೇ 22ರಿಂದ 2040ರ ಹೊತ್ತಿಗೆ ಶೇ 40ಕ್ಕೆ ಏರಿಸುವ ಗುರಿ ಇಟ್ಟಿತು. ಅಲ್ಲಿ ಪ್ರತಿ ಮರಕ್ಕೂ ಒಂದು ಸಂಖ್ಯೆ, ಒಂದು ಇಮೇಲ್ ವಿಳಾಸ ಕೊಟ್ಟರು. ಮುರಿದ ಕೊಂಬೆಯ ದೂರು ಬರಲಿ ಅಂತ. ಜನ ಆ ಮರಗಳಿಗೆ ಪ್ರೀತಿಯ ಪತ್ರ ಬರೆದರು. ಇದು ನಡೆದದ್ದು ನಿಜ, ಮತ್ತು ನಾನು ಪ್ರತಿ ಹೊಸ ಗುಂಪಿಗೂ ಇದನ್ನು ಹೇಳುತ್ತೇನೆ.

ನಿಮ್ಮ ಹಳ್ಳಕ್ಕೆ ವರ್ಷಕ್ಕೊಂದು ನಡಿಗೆ ಸಾಕು. ಅದೇ ತಿಂಗಳು, ಅದೇ ದಾರಿ, ಮೇಲಿನವರೂ ಕೆಳಗಿನವರೂ ಸೇರಿ. ಜೊತೆಗೆ ನಕ್ಷೆ, ಟೇಪು, ಗಂಟು ಹಾಕಿದ ಹಗ್ಗ, ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬ. ಡಬ್ಬವನ್ನು ಕಾಡಿನೊಳಗೆ ಮಣ್ಣಿಗೆ ಮೂರು ಬೆರಳು ಒತ್ತಿ, ಒಂದು ಲೋಟ ನೀರು ಹಾಕಿ, ಇಂಗಲು ಎಷ್ಟು ಹೊತ್ತು ಬೇಕು ನೋಡಿ. ಅದೇ ಲೋಟವನ್ನು ಗಾಡಿ ಓಡಾಡಿ ಗಟ್ಟಿಯಾದ ಜಾಗದಲ್ಲಿ ಹಾಕಿ ನೋಡಿ. ಎರಡು ಸಮಯವನ್ನೂ ಬರೆದಿಡಿ. ಹೋದ ಮರ, ಬದುಕಿದ ಸಸಿ, ಹೊಸದಾಗಿ ಬಾಯಿ ಬಿಟ್ಟ ಪೈಪು, ಒಪ್ಪಂದದಲ್ಲಿ ನಡೆದದ್ದು ನಡೆಯದ್ದು ಎಲ್ಲವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಕೊನೆಗೆ ಮೊದಲ ವರ್ಷ ನಿಂತಿದ್ದ ಜಾಗದಲ್ಲೇ ನಿಂತು, ಅದೇ ದಿಕ್ಕಿಗೆ ಮುಖ ಮಾಡಿ ಹಳ್ಳದ ಒಂದು ಫೋಟೊ ತೆಗೆಯಿರಿ. ಆ ಜಾಗ ಗುರುತು ಸಿಗುವ ಹಾಗೆ ಒಂದು ಕಲ್ಲು ನೆಟ್ಟಿಡಿ.